ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ

ಮಂಗಳವಾರ ಬೆಳಿಗ್ಗೆ ನಮ್ಮ ಮನೆಯ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿದೆ. ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ. ಹಿತ್ತಲ ತೋಟದಲ್ಲಿ ಕೂಲಿಗೆ ಕಾಫಿ ಕುಯ್ಯುತ್ತಿದ್ದ ಅಕ್ಕ ಕೈ ನಿಲ್ಲಿಸಿ ನೋಡಿದರು.

"ಏನಕ್ಕ, ಗದ್ದೆ ಏಡಿ ಥರ ಇಳೀತಿದ್ದೀರಿ?"

"ಭಾನುವಾರ ತಡಿಯಂಡಮೋಳ್ ಹತ್ತಿದ್ದೆ ಅಕ್ಕ. ತೊಡೆ ಹಿಡ್ಕೊಂಡಿದೆ."

"ಹತ್ತಿದ್ದಕ್ಕಲ್ಲ ಬಿಡಿ. ಇಳಿದದ್ದಕ್ಕೆ."

ಅಷ್ಟು ಹೇಳಿ ಮತ್ತೆ ಗಿಡದೊಳಗೆ ತಲೆ ಹಾಕಿದರು. ನನಗೆ ಸ್ವಲ್ಪ ಸಿಟ್ಟೇ ಬಂತು. 1,748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ನಾಲ್ಕುನಾಡು ಅರಮನೆ ಹತ್ತಿರದಿಂದ ಏದುಸಿರು ಬಿಟ್ಟುಕೊಂಡು ಹತ್ತಿದವಳು ನಾನು. ಇಳಿಯುವಾಗ ಹಾಡು ಹೇಳಿಕೊಂಡು ಬಂದಿದ್ದೆ. ನೋವು ಇಳಿದದ್ದಕ್ಕಂತೆ!

ತಮ್ಮನ ಮಗನಿಗೆ ಫೋನ್ ಮಾಡಿದೆ. ಆರು ತಿಂಗಳಿಂದ ಜಿಮ್‌ಗೆ ಹೋಗುತ್ತಾನೆ, ಅಷ್ಟಕ್ಕೇ ಅರ್ಧ ಡಾಕ್ಟರ್. "ಅತ್ತೆ, ಅದು ಲ್ಯಾಕ್ಟಿಕ್ ಆಸಿಡ್. ಸ್ಟ್ರೆಚ್ ಮಾಡದೆ ಹಂಗೇ ಜೀಪ್ ಹತ್ತಿದ್ರಲ್ಲ." ಇಂಥ ಧೈರ್ಯ ಇಪ್ಪತ್ತೆರಡು ವರ್ಷದವರಿಗೆ ಮಾತ್ರ ಇರುತ್ತದೆ.

ರಜೆ ಹಾಕಿದ್ದೆ, ಕೂತು ಓದಿದೆ. ಅವನು ಹೇಳಿದ್ದು ಹಳೇ ಕಥೆ. ಆ ಆಸಿಡ್ ದಣಿದ ಒಂದೆರಡು ಗಂಟೆಯಲ್ಲೇ ಖಾಲಿಯಾಗುತ್ತದೆ. ಭಾನುವಾರದ್ದು ಮಂಗಳವಾರದ ತನಕ ಕಾಯುವುದಿಲ್ಲ. ಹತ್ತುವಾಗ ತೊಡೆಯ ಸ್ನಾಯು ಕುಗ್ಗಿ ಮೈಯನ್ನು ಮೇಲೆ ತಳ್ಳುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕ್. ಮೈಭಾರ ತಡೆಯುತ್ತಲೇ ಉದ್ದಕ್ಕೆ ಎಳೆದುಕೊಳ್ಳಬೇಕು. ಆಗ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರುಕು ಬೀಳುತ್ತದೆ. ದೇಹ ರಿಪೇರಿಗೆ ಕೂತಾಗ ಊತ ಬರುತ್ತದೆ, ಅಲ್ಲಿನ ನರಗಳು ಸುಮ್ನೆ ಮುಟ್ಟಿದರೂ ಕೂಗುವಂತಾಗುತ್ತವೆ. ಇದಕ್ಕೆಲ್ಲ ಸಮಯ ಬೇಕಲ್ವಾ, ಹಾಗಾಗಿ ನೋವು ಒಂದರಿಂದ ಮೂರನೇ ದಿನದೊಳಗೆ ಜಾಸ್ತಿ. ಸ್ನಾಯುವಿನೊಳಗಿನ ಹರುಕಿನ ಮಾತನ್ನು ಥಿಯೋಡರ್ ಹಾಫ್ ಎಂಬ ಅಮೆರಿಕದವರು 1902ರಲ್ಲೇ ಬರೆದಿದ್ದರಂತೆ. ಸ್ಟ್ರೆಚ್ ಮಾಡಿದ್ದರೂ ಹೇಳಿಕೊಳ್ಳುವಷ್ಟು ವ್ಯತ್ಯಾಸ ಆಗುತ್ತಿರಲಿಲ್ಲ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ತಡ ಮಾಡದೆ ಡಾಕ್ಟರ್ ಹತ್ತಿರ ಓಡಬೇಕು. ನನ್ನದು ಅಷ್ಟು ದೂರ ಹೋಗಿರಲಿಲ್ಲ.

ಅಂದರೆ ಅಕ್ಕ ಹೇಳಿದ್ದೇ ಸರಿ. ಮಧ್ಯಾಹ್ನ ಕಾಫಿ ಕೊಡುವ ನೆಪದಲ್ಲಿ ಹೋಗಿ ಕೇಳಿದೆ, ನಿಮಗೆ ಹೇಗೆ ಗೊತ್ತು ಅಂತ.

"ಗೊತ್ತಾಗದೆ ಏನು? ಮಗಳ ಬಾಣಂತನಕ್ಕೆ ಅಂತ ಮೂರು ತಿಂಗಳು ಮನೇಲೇ ಇದ್ದೆ. ನಿನ್ನೆಯಿಂದ ಮತ್ತೆ ಮೂಟೆ ಹೊತ್ಕೊಂಡು ಈ ಏರು ಇಳೀತಿದ್ದೀನಿ. ಬಿಟ್ಟು ಶುರು ಮಾಡಿದ್ರೆ ಮೊದಲ ಮೂರು ದಿನ ಹೀಗೇ. ಆಮೇಲೆ ಕಾಲಿಗೆ ನೆನಪಾಗತ್ತೆ."

ಕಾಲಿಗೆ ನೆನಪಾಗತ್ತೆ. ನಾನು ಓದಿದ್ದರಲ್ಲೂ ಇದೇ ಇತ್ತು. ಒಮ್ಮೆ ಹೀಗೆ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಅದಕ್ಕೆ ಬರೆದವರು ಮೂರು ಪ್ಯಾರಾ ತೆಗೆದುಕೊಂಡಿದ್ದರು.

ನಿಮಗೂ ನೋವಿದೆಯಾ ಅಂತ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ನೋವಿಗೆ ಬಿಸಿ ಬಿಸಿ ಹಂಡೆ ನೀರಿತ್ತು, ರಜೆ ಇತ್ತು, ವಾಟ್ಸಾಪ್‌ನಲ್ಲಿ ಹಾಕಿದ ಫೋಟೋಗೆ ಎಂಬತ್ತು ಜನ ಭೇಷ್ ಅಂದಿದ್ದರು. ಅಕ್ಕನಿಗೆ ಕಿಲೋ ಲೆಕ್ಕದ ಕೂಲಿ. ನಿಧಾನ ಇಳಿದರೆ ನಿಧಾನಕ್ಕೇ ದುಡ್ಡು. ಇಡೀ ರಾತ್ರಿ ಅದೇ ತಲೆಯಲ್ಲಿ ಸುತ್ತಿತು, ಇಳಿದದ್ದಕ್ಕೆ, ಇಳಿದದ್ದಕ್ಕೆ ಅಂತ.

ಬುಧವಾರ ಸಂಜೆ ತೂಕದ ಹೊತ್ತಿಗೆ ಜಗುಲಿಯಲ್ಲಿ ನಿಂತಿದ್ದೆ. ಅಕ್ಕ ತಲೆ ಮೇಲೆ ಮೂಟೆ ಇಟ್ಟುಕೊಂಡು ಏರಿನಿಂದ ಬರುತ್ತಿದ್ದರು. ಒಂದು ಕಾಲು ಅಡ್ಡ ಇಟ್ಟು, ಇನ್ನೊಂದನ್ನು ಎಳೆದುಕೊಂಡು. ನಾನು ನೋಡುತ್ತಿರುವುದು ಗೊತ್ತಾಯಿತು. ಮೂಟೆ ಇಳಿಸಿ, ಸೊಂಟ ನೆಟ್ಟಗೆ ಮಾಡಿ, "ಏಡಿ" ಅಂದು ನಕ್ಕರು.