ಹಾಟ್‌ಡಾಗ್ ಮಾರಿದ ಕೋಚ್

2012ರ ಕೊನೇ ದಿನ ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಈಗಲ್ಸ್ ತನ್ನ ಹೆಡ್ ಕೋಚ್ ಆಂಡಿ ರೀಡ್ ಅವರನ್ನು ಮನೆಗೆ ಕಳಿಸಿದಾಗ ಫಿಲಡೆಲ್ಫಿಯಾದಲ್ಲಿ ಖುಷಿಪಟ್ಟವರಲ್ಲಿ ನಾನೂ ಒಬ್ಬ.

ನನ್ನ ಸಿಟ್ಟು ಹಳೆಯದು. 2005ರ ಸೂಪರ್ ಬೌಲ್, ಅಂದರೆ ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಫೈನಲ್. ಆಗಿನ್ನೂ ನಾನು ಫುಟ್‌ಬಾಲನ್ನೂ ಕ್ರಿಕೆಟ್ ಕಣ್ಣಲ್ಲೇ ನೋಡುತ್ತಿದ್ದೆ. ನಾವು 10 ಪಾಯಿಂಟ್ ಹಿಂದೆ, ಉಳಿದಿರುವುದು ಐದೂವರೆ ನಿಮಿಷ. ನಮ್ಮವರೋ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಹಾಗೆ ನಿಧಾನಕ್ಕೆ ಹೋಗುತ್ತಿದ್ದಾರೆ! ಸೋತದ್ದು ಮೂರೇ ಪಾಯಿಂಟ್‌ನಿಂದ. ರೀಡ್ 14 ಸೀಸನ್ ಇದ್ದರು, ಕಪ್ ಬರಲೇ ಇಲ್ಲ.

ರೀಡ್ ಹೋದ ಮರುವರ್ಷ ನನ್ನ ಕೆಲಸವೂ ಹೋಯಿತು. ಮನೆಯಲ್ಲಿ ಸುಮ್ನೆ ಕೂತಿದ್ದಾಗ ಈ ಮನುಷ್ಯನ ಕಥೆ ಓದಿದೆ.

ರೀಡ್ ದೊಡ್ಡ ಆಟಗಾರರೇನೂ ಅಲ್ಲ. ಯೂಟಾದ ಬ್ರಿಗಮ್ ಯಂಗ್ ಯೂನಿವರ್ಸಿಟಿಯಲ್ಲಿ ಲೈನ್‌ಮನ್. ಅಂದರೆ ಚೆಂಡು ಹಿಡಿಯುವ ಭಾಗ್ಯವಿಲ್ಲ, ಎದುರಿನವರನ್ನು ತಳ್ಳುತ್ತಾ ನಿಲ್ಲಬೇಕು. ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಯೂನಿವರ್ಸಿಟಿಗೆ ಕೋಚಿಂಗ್‌ಗೆ ಹೋದರು. ಅಲ್ಲಿ ತಂಡದ ಹತ್ತಿರ ದುಡ್ಡಿಲ್ಲ. ಹಾಟ್‌ಡಾಗ್ ಮಾರಿ ದುಡ್ಡು ಕೂಡಿಸುವುದೂ ಕೋಚ್ ಕೆಲಸವೇ! ಆಮೇಲೆ ನಾರ್ದರ್ನ್ ಅರಿಝೋನಾ, ಎಲ್ ಪಾಸೊ, ಮಿಸ್ಸೌರಿ ಯೂನಿವರ್ಸಿಟಿಗಳು. ಗಂಟುಮೂಟೆ ಕಟ್ಟಿದ್ದೇ ಕಟ್ಟಿದ್ದು. 1992ರಲ್ಲಿ ಮೈಕ್ ಹೋಮ್‌ಗ್ರೆನ್ ಎನ್‌ಎಫ್‌ಎಲ್‌ನ ಗ್ರೀನ್ ಬೇ ತಂಡಕ್ಕೆ ಹೆಡ್ ಕೋಚ್ ಆದಾಗ ಹಳೇ ಪರಿಚಯದ ರೀಡ್‌ಗೆ ಬುಲಾವ್ ಬಂತು. ಈ ಕಸುಬಿನಲ್ಲಿ ಯಾರ ಕೈಕೆಳಗೆ ದುಡಿದೆ ಅನ್ನುವುದೇ ಬಯೋಡೇಟಾ. ನಮ್ಮ ಐಟಿಯಲ್ಲೂ ಅಷ್ಟೇ ಅಲ್ವಾ? 1999ರಲ್ಲಿ ಈಗಲ್ಸ್ ಕರೆದಾಗ ಅವರು ಎನ್‌ಎಫ್‌ಎಲ್‌ನಲ್ಲಿ ಕೋಆರ್ಡಿನೇಟರ್ (ಹೆಡ್ ಕೋಚ್‌ಗಿಂತ ಒಂದು ಮೆಟ್ಟಿಲು ಕೆಳಗೆ) ಕೂಡ ಆಗಿರಲಿಲ್ಲ. ಕ್ವಾರ್ಟರ್‌ಬ್ಯಾಕ್‌ಗಳಿಗೆ, ಅಂದರೆ ಚೆಂಡು ಎಸೆದು ಆಟ ನಡೆಸುವವರಿಗೆ, ಕೋಚ್.

ನಾವು ಕಳಿಸಿದ ವಾರದೊಳಗೇ ಕ್ಯಾನ್ಸಸ್ ಸಿಟಿ ತಂಡ ಅವರನ್ನು ಕರೆದುಕೊಂಡಿತು. ಆಗ ವಯಸ್ಸು 54. ಕಪ್ ಸಿಕ್ಕಿದ್ದು 2020ರಲ್ಲಿ.

2023ರ ಫೆಬ್ರವರಿಯಲ್ಲಿ ನಮ್ಮ ಈಗಲ್ಸ್ ಎದುರೇ ಫೈನಲ್. ಹಾಫ್‌ಟೈಮ್‌ಗೆ ನಾವು 10 ಪಾಯಿಂಟ್ ಮುಂದೆ. ನಾನು ಜಾಸ್ತಿಯೇ ಬೀಗುತ್ತಿದ್ದೆ. ಕೊನೇ ಕ್ವಾರ್ಟರ್‌ನಲ್ಲಿ ಗೋಲ್ ಗೆರೆಯ ಹತ್ತಿರ ಅವರ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಒಬ್ಬ ಒಳಗೆ ಓಡಿಬರುವವನ ಹಾಗೆ ನಾಲ್ಕು ಹೆಜ್ಜೆ ಇಟ್ಟು, ಗಕ್ಕನೆ ತಿರುಗಿ ಹೊರಗೋಡಿದ. ಸುತ್ತ ಒಂದು ನರಪಿಳ್ಳೆ ಇಲ್ಲ. ಚೆಂಡು ಹಿಡಿದು ಗೆರೆ ದಾಟಿದ, ಅಂದರೆ ಟಚ್‌ಡೌನ್. ಸ್ವಲ್ಪ ಹೊತ್ತಿಗೆ ಅದೇ ತಂತ್ರ, ಇನ್ನೊಂದು ಬದಿಗೆ, ಇನ್ನೊಬ್ಬ ಆಟಗಾರ. ಮತ್ತೆ ಟಚ್‌ಡೌನ್. ನಮ್ಮ ಡಿಫೆಂಡರ್‌ಗಳು ಎರಡನೇ ಸಲವೂ ಪಿಳಿಪಿಳಿ ಕಣ್ಣು ಬಿಟ್ಟರು. 38-35, ಸೋತೆವು.

ಬಾಯಲ್ಲಿ ಬೈಗುಳ, ಒಳಗೊಳಗೇ ಚಪ್ಪಾಳೆ. ಆ ತಂತ್ರಕ್ಕೆ ಅವರು ಇಟ್ಟಿದ್ದ ಹೆಸರು ಆಮೇಲೆ ಗೊತ್ತಾಯಿತು: 'ಕಾರ್ನ್ ಡಾಗ್'. ಕಡ್ಡಿಗೆ ಚುಚ್ಚಿ, ಮೆಕ್ಕೆಜೋಳದ ಹಿಟ್ಟಲ್ಲಿ ಅದ್ದಿ ಕರಿದ ಹಾಟ್‌ಡಾಗ್!