ರೇಡಿಯೋದ ಕಿವಿ ಹಿಂಡಿದವನು

ಕಾಲೇಜಿನ ಸಂಚಿಕೆಗೆ ಗುರುಗಳನ್ನು ಕುರಿತು ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ಗುರುಗಳ ಬಗ್ಗೆ ನನ್ನ ಸಹಪಾಠಿಗಳು ನನಗಿಂತ ಚೆನ್ನಾಗಿ ಬರೆದಾರು. ನಾನು ಬರೆಯುತ್ತಿರುವುದು ನನಗೆ ಒಂದಕ್ಷರವನ್ನೂ ಕಲಿಸದ, ನಾನು ಒಮ್ಮೆಯೂ ಎದುರಿಗೆ ಕುಳಿತು ಕೇಳದ ಒಬ್ಬರನ್ನು ಕುರಿತು. 1976ರಿಂದ 1979ರವರೆಗೆ ನಾನು ಧಾರವಾಡದಲ್ಲಿದ್ದೆ. ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರೂ ಅದೇ ಊರಿನಲ್ಲಿದ್ದರು. ಅವರು ಹಾಡುತ್ತಿದ್ದರು, ನಾನು ಬಿ.ಎಸ್‌ಸಿ. ಓದುತ್ತಿದ್ದೆ. ಸಂಬಂಧ ಅಷ್ಟೇ.

ನನ್ನ ಬಾಡಿಗೆ ಕೋಣೆಯ ಮಾಲಕರು ನಿವೃತ್ತ ಮಾಸ್ತರರು. ಅವರ ಪಡಸಾಲೆಯಲ್ಲಿ ಹಳೆಯ ವಾಲ್ವ್ ರೇಡಿಯೋ ಒಂದಿತ್ತು. ಹಚ್ಚಿದರೆ ಕಾದು ಬಾಯಿಬಿಡಲು ಒಂದು ನಿಮಿಷ ಬೇಕು. ಬೆಳಿಗ್ಗೆ ಧಾರವಾಡ ಆಕಾಶವಾಣಿಯಿಂದ ಶಾಸ್ತ್ರೀಯ ಸಂಗೀತ ಶುರುವಾಗುವ ಹೊತ್ತಿಗೆ ಅವರು ಅದನ್ನು ಹಚ್ಚಿಟ್ಟು ಸ್ನಾನಕ್ಕೆ ಹೋಗುತ್ತಿದ್ದರು. ನಾನು ಕೋಣೆಯಿಂದ ಹೊರಬಂದು ಅದರ ಕಿವಿ ಹಿಂಡಿ ಹಿಂದಿ ಸಿನಿಮಾ ಹಾಡುಗಳ ರೇಡಿಯೋ ಸಿಲೋನ್ ಹಿಡಿಯುತ್ತಿದ್ದೆ. ಒಂದು ದಿನ ಅವರು ತಲೆ ಒರೆಸಿಕೊಳ್ಳುತ್ತ ಬಂದು ಕೇಳಿದರು: "ತಮ್ಮಾ, ಮನಸೂರರ ಹಾಡು ಬರುತ್ತಿತ್ತಲ್ಲ, ಎಲ್ಲಿ ಹೋಯಿತು?" ನಾನು ಕರೆಂಟು ಹೋಗಿತ್ತು ಎಂದೆ. ರೇಡಿಯೋದಲ್ಲಿ ಆಗ ಕಿಶೋರ್ ಕುಮಾರ್ ಹಾಡುತ್ತಿದ್ದ. ಮಾಸ್ತರರು ಸುಮ್ಮನೆ ಒಳಗೆ ಹೋದರು.

ಧಾರವಾಡದಲ್ಲಿ ಕಲ್ಲು ಬೀರಿದರೆ ಒಬ್ಬ ಕವಿಯ ಮನೆಯ ಮೇಲೆ ಬೀಳುತ್ತದೆ ಎನ್ನುವ ಮಾತು ಹಳೆಯದು. ಗಾಯಕರ ಮನೆಗಳನ್ನೂ ಸೇರಿಸಿಕೊಂಡರೆ ಕಲ್ಲಿಗೆ ಬೇರೆ ಜಾಗವೇ ಇರಲಿಲ್ಲ. ಬಸವರಾಜ ರಾಜಗುರು ಇದೇ ಊರಿನವರು, ಗಂಗೂಬಾಯಿ ಹಾನಗಲ್ ಪಕ್ಕದ ಹುಬ್ಬಳ್ಳಿಯವರು. ಹಿಂದುಸ್ತಾನಿ ಸಂಗೀತ ಈ ಕಡೆ ಬೇರೂರಿದ್ದಕ್ಕೆ ಮುಂಬಯಿ ಪ್ರಾಂತದ ನಂಟು ಒಂದು ಕಾರಣ, ರೈಲು ಇನ್ನೊಂದು. ಮೈಸೂರಿನ ಅರಮನೆಗೆ ಹಾಡಲು ಹೊರಟ ಖಾನ್‌ಸಾಹೇಬರು ಹಾದುಹೋಗುವ ದಾರಿಯಿದು. ನಮ್ಮ ಕಾಲೇಜಿನ ಕಲ್ಲಿನ ಕಟ್ಟಡವೇ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. ಆ ಕಟ್ಟಡದ ವರಾಂಡದಲ್ಲಿ ಮೂರು ವರ್ಷ ಓಡಾಡಿದ ನನಗೆ ಇದು ಯಾವುದೂ ತಲೆಗೆ ಬಂದಿರಲಿಲ್ಲ. ಧೋತರ, ಕೋಟು, ಟೋಪಿಯ ಸಣಕಲು ಹಿರಿಯರೊಬ್ಬರು ಬೀದಿಯಲ್ಲಿ ಹೋಗುವಾಗ ಗೆಳೆಯ ಮೊಣಕೈಯಿಂದ ತಿವಿದು "ಮನಸೂರರು" ಎಂದದ್ದುಂಟು. ನಾನು ನೋಡಿದೆ. ನೋಡಲು ಖರ್ಚೇನೂ ಇರಲಿಲ್ಲ.

ಮುಂದೆ ಜಮ್ಶೆಡ್‌ಪುರದಲ್ಲಿ ನೌಕರಿ. ಅಲ್ಲಿ ಇಪ್ಪತ್ತೈದು ವರ್ಷ ಕಳೆದ ಮೇಲೆ ಒಬ್ಬ ಬಂಗಾಳಿ ಸಹೋದ್ಯೋಗಿ ನಾನು ಧಾರವಾಡದಲ್ಲಿ ಓದಿದವನೆಂದು ತಿಳಿದು ಚಹಾದ ಲೋಟ ಕೆಳಗಿಟ್ಟ. "ಹಾಗಾದರೆ ಮನಸೂರರನ್ನು ಕೇಳಿದ್ದೀರಿ!" ಎಂದ. ಕೇಳಿದ್ದೇನೆ ಎಂದೆ, ಎಷ್ಟೋ ಸಲ ಎಂದೂ ಸೇರಿಸಿದೆ. ಅವನ ಕಣ್ಣಲ್ಲಿ ನಾನು ಒಮ್ಮೆಗೇ ದೊಡ್ಡವನಾದೆ. "ಖಟ್ ರಾಗ ಕೇಳಿದಿರಾ? ಎದುರಿಗೆ ಕುಳಿತು ಕೇಳಿದರೆ ಹೇಗಿರುತ್ತಿತ್ತು?" ಎಂದು ಅವನು ಮುಂದಕ್ಕೆ ಬಾಗಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಖಟ್ ಎನ್ನುವುದು ರಾಗದ ಹೆಸರೆಂದೇ ನನಗೆ ಗೊತ್ತಿರಲಿಲ್ಲ. ಈ ಸಲ ಕರೆಂಟು ಹೋಯಿತು ಎನ್ನುವಂತೆಯೂ ಇರಲಿಲ್ಲ.

ಮರುದಿನ ಅವನೇ ಒಂದು ಕ್ಯಾಸೆಟ್ ತಂದುಕೊಟ್ಟ. ಕೇಳಿದೆ, ಹಿಡಿಯಲಿಲ್ಲ. ನಿಧಾನವಾದ ಆಲಾಪ ಮೊದಲು, ಆಮೇಲೆ ಹಾಡು ಎಂದು ನಾನು ಅಂದುಕೊಂಡಿದ್ದೆ. ಇವರು ಸೀದಾ ಚೀಜಿಗೇ, ಅಂದರೆ ಮಾತಿರುವ ಹಾಡಿಗೇ, ಕೈಹಾಕುತ್ತಾರೆ. ತಬಲಾ ಕೂಡಲೇ ಜೊತೆಗೂಡುತ್ತದೆ, ಆಮೇಲೆ ಉಸಿರು ಬಿಡಲು ಎಡೆಯಿಲ್ಲ. ಅಲ್ಲಾದಿಯಾ ಖಾನರ ಜಯಪುರ-ಅತ್ರೌಲಿ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ರೀತಿಯೇ ಅದು ಎಂದು ನಂತರ ತಿಳಿಯಿತು. ಆಗ ನನಗೆ ಅನ್ನಿಸಿದ್ದು, ಗುರುತಿಲ್ಲದವರ ಮದುವೆಯ ಮನೆಗೆ ನುಗ್ಗಿದ ಹಾಗೆ.

ಬಾಗಿಲು ತೆರೆದದ್ದು ರಾಗವಲ್ಲ, ಒಂದು ವಚನ. ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲಲ್ಲಿ ಅಕ್ಕಮಹಾದೇವಿಯ "ಅಕ್ಕ ಕೇಳವ್ವಾ, ನಾನೊಂದು ಕನಸ ಕಂಡೆ" ಇತ್ತು. ಇದನ್ನು ನಾನು ಕಾಲೇಜಿನ ಕನ್ನಡ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. "ಚಿಕ್ಕ ಚಿಕ್ಕ ಜಡೆಗಳ ಸುಲಿಪಲ್ಲ ಗೊರವನು" ಎಂದರೆ ಹೊಳೆವ ಹಲ್ಲಿನ ಶೈವ ಭಿಕ್ಷುಕ ಎಂದು ಬರೆದು ಅಂಕ ಪಡೆದಿದ್ದೆ. ಮನಸೂರರ ಬಾಯಲ್ಲಿ ಆ ಗೊರವ ನಿಜಕ್ಕೂ ಬಾಗಿಲಿಗೆ ಬಂದ. 'ಕಂಡೆನವ್ವಾ' ಎನ್ನುವಾಗ ಆ 'ಅವ್ವಾ' ಪಂಡಿತರ ಉಚ್ಚಾರವಾಗಿರಲಿಲ್ಲ. ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ನೀರಿನ ಕೊಡ ಇಳಿಸಿ ಗೆಳತಿಗೆ ಗುಟ್ಟು ಹೇಳಿದಂತಿತ್ತು. ಬೇರೆ ನಾಡಿನ ಕ್ವಾರ್ಟರ್ಸಿನಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದವನು, ನಾನು ಅದನ್ನು ನಾಲ್ಕು ಸಲ ತಿರುವಿ ಹಾಕಿದೆ.

ಆಮೇಲೆ ರಾಗಗಳತ್ತ ಹೋದೆ. ನಾನು ಇಂಜಿನಿಯರ್ ಕೆಲಸದವನು, ಎಣಿಸುವುದು ಬರುತ್ತದೆ. ತ್ರಿತಾಲ ಎನ್ನುವ ತಾಳದ ಒಂದು ಸುತ್ತಿನ ಹದಿನಾರು ಎಣಿಕೆಗಳನ್ನು, ಅಂದರೆ ಮಾತ್ರೆಗಳನ್ನು, ಬೆರಳಿನ ಮೇಲೆ ಹಿಡಿದು ಕುಳಿತೆ. ಹದಿಮೂರು, ಹದಿನಾಲ್ಕು ಆದರೂ ಮನಸೂರರು ಇನ್ನೂ ತಾನಿನ, ಅಂದರೆ ವೇಗದ ಸ್ವರಗಳ, ಸುಳಿಯಲ್ಲಿರುತ್ತಾರೆ, ಈ ಸಲ ತಪ್ಪಿದರು ಎಂದುಕೊಳ್ಳುತ್ತೇನೆ. ಅಷ್ಟರಲ್ಲಿ ಎಲ್ಲಿಂದಲೋ ಚೀಜಿನ ಮೊದಲ ಮಾತು ಬಂದು ಸಮದ ಮೇಲೆ, ಸುತ್ತಿನ ಮೊದಲ ಮಾತ್ರೆಯ ಮೇಲೆ, ಕೂರುತ್ತದೆ. ತಪ್ಪಿದ್ದು ನನ್ನ ಬೆರಳು. ಆರು ತಿಂಗಳ ನಂತರ ಬೆರಳು ಬಿಟ್ಟೆ. ಆರು ರಾಗಗಳ ಬೆರಕೆ ಎನ್ನುವ ಆ ಖಟ್ ರಾಗದಲ್ಲಿ ಆರನ್ನೂ ಗುರುತಿಸಲು ನನಗೆ ಇಂದಿಗೂ ಬರುವುದಿಲ್ಲ.

ಅವರ ಜೀವನವನ್ನು ಓದಿದಾಗ ಸ್ವಲ್ಪ ಸಮಾಧಾನವಾಯಿತು, ಏಕೆಂದರೆ ತಡ ಮಾಡಿದವನು ನಾನೊಬ್ಬನೇ ಅಲ್ಲ. 1910ರಲ್ಲಿ ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿದವರು, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತು ಹೆಸರು ಮಾಡಿದ್ದರು, ಗ್ರಾಮಫೋನ್ ತಟ್ಟೆಗಳೂ ಬಂದಿದ್ದವು. ಅಷ್ಟಾದ ಮೇಲೆ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜೀ ಖಾನರ ಎದುರು ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಮಂಜೀ ಖಾನರು 1937ರಲ್ಲಿ ತೀರಿಕೊಂಡಾಗ ಅವರ ತಮ್ಮ ಭೂರ್ಜೀ ಖಾನರ ಬಳಿ ಕಲಿಕೆ ಮುಂದುವರಿಸಿದರು. ದೇಶ ಅವರನ್ನು ಸರಿಯಾಗಿ ಕಿವಿಗೊಟ್ಟು ಕೇಳಿದ್ದು ಅರವತ್ತರ ಹತ್ತಿರ ಬಂದ ಮೇಲೆ. ಪದ್ಮಶ್ರೀ 1970ರಲ್ಲಿ, ಪದ್ಮವಿಭೂಷಣ 1992ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಹೋದರು. ಆ ಸುದ್ದಿ ಓದಿ ನಾನು ಪುಟ ತಿರುವಿರಬೇಕು, ನೆನಪಿಲ್ಲ. ದೇಶಕ್ಕೆ ತಡವಾದದ್ದು ಸರಿ. ನಾನಿದ್ದದ್ದು ಅದೇ ಊರಿನಲ್ಲಿ ಎನ್ನುವುದನ್ನು ಮಾತ್ರ ಈ ಸಮಾಧಾನ ಮುಚ್ಚುವುದಿಲ್ಲ. ಮಾಸ್ತರರ ಪಡಸಾಲೆಯಲ್ಲಿ ನಾನು ಕಿವಿ ಹಿಂಡುತ್ತಿದ್ದಾಗ ಅವರಿಗೆ ಅರವತ್ತಾರು. ಈ ವರ್ಷ ನನಗೂ ಅಷ್ಟೇ ಆಗುತ್ತದೆ.

ಕಳೆದ ಚಳಿಗಾಲದಲ್ಲಿ ಧಾರವಾಡಕ್ಕೆ ಬಂದಿದ್ದೆ. ಮನಸೂರರ ಮನೆ 'ಮೃತ್ಯುಂಜಯ' ಈಗ ಸ್ಮಾರಕವಾಗಿದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಒಂದಷ್ಟು ಹೊತ್ತು ನಿಂತು ಬಂದೆ. ಮಾಸ್ತರರ ಮನೆಯಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ. ಓಣಿ ಹಾಗೆಯೇ ಇದೆ. 'ಮೃತ್ಯುಂಜಯ'ದಿಂದ ಆ ಓಣಿಯವರೆಗೆ ಕೈಗಡಿಯಾರ ನೋಡುತ್ತ ನಡೆದೆ. ಹದಿನೆಂಟು ನಿಮಿಷ ಹಿಡಿಯಿತು, ದಾರಿಯಲ್ಲಿ ಗಿರ್ಮಿಟ್ ತಿನ್ನಲು ನಿಂತದ್ದೂ ಸೇರಿ.