ಜಿಪಿಯು ಇಲ್ಲದೆ ಎಂಎಲ್‌ನಲ್ಲಿ ಪಿಎಚ್‌ಡಿ ಆಗುತ್ತಾ?

ಎಂಜಿನಿಯರಿಂಗ್ ಕೊನೆ ವರ್ಷದ ಹುಡುಗರು ಹುಡುಗಿಯರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: "ಸರ್, ಮಷೀನ್ ಲರ್ನಿಂಗ್‌ನಲ್ಲಿ ಪಿಎಚ್‌ಡಿ ಮಾಡೋ ಆಸೆ. ಆದ್ರೆ ಸಾವಿರಗಟ್ಟಲೆ ಜಿಪಿಯು ಇಟ್ಕೊಂಡಿರೋ ಕಂಪನಿಗಳ ಮುಂದೆ ನಮ್ಮದೇನು ನಡೆಯುತ್ತೆ?"

ಜಿಪಿಯು ಅಂದರೆ ಸಾವಿರಾರು ಲೆಕ್ಕಗಳನ್ನು ಒಟ್ಟಿಗೇ ಮಾಡುವ ಚಿಪ್. ಸುಮ್ನೆ ಹುಟ್ಟಿದ ಭಯವಲ್ಲ ಇದು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು ಚಿತ್ರ ಗುರುತಿಸುವ ಅಲೆಕ್ಸ್‌ನೆಟ್ ಎಂಬ ಮಾಡೆಲ್ ಕಟ್ಟಿದ್ದು ಎರಡೇ ಜಿಪಿಯುಗಳಲ್ಲಿ. ಅದೂ ಗೇಮ್ ಆಡುವವರು ಕೊಳ್ಳುತ್ತಿದ್ದ ಜಿಟಿಎಕ್ಸ್ 580. ಎಂಟು ವರ್ಷ ಕಳೆದು ಬಂದ ಭಾಷಾ ಮಾಡೆಲ್ ಜಿಪಿಟಿ-3ರಲ್ಲಿ 17,500 ಕೋಟಿ ಪ್ಯಾರಾಮೀಟರ್, ಅಂದರೆ ಕಲಿಯುತ್ತಾ ತಿದ್ದಿಕೊಳ್ಳುವ ಸಂಖ್ಯೆಗಳು. ಆ ಪಂದ್ಯಕ್ಕೆ ಕಾಲೇಜು ಲ್ಯಾಬಿನಿಂದ ಇಳಿಯಬೇಡಿ.

ಆದರೆ ಸಂಶೋಧನೆ ಅಂದರೆ ಅದೊಂದೇ ಅಲ್ಲವಲ್ಲ. ಆಡಮ್ ಗೊತ್ತಲ್ವಾ? ಕೋಡ್‌ನಲ್ಲಿ ನಾವೆಲ್ಲ ಕಣ್ಣು ಮುಚ್ಚಿ ಹಾಕುವ ಆಪ್ಟಿಮೈಸರ್, ಅಂದರೆ ತಪ್ಪು ಕಡಿಮೆಯಾಗುವ ಹಾಗೆ ಮಾಡೆಲ್‌ನ ಸಂಖ್ಯೆಗಳನ್ನು ಹೆಜ್ಜೆ ಹೆಜ್ಜೆಗೂ ತಿದ್ದುವ ವಿಧಾನ. 2014ರ ಕೊನೆಗೆ ಬಂದ ಅದರ ಪೇಪರ್‌ನಲ್ಲಿ, ಅದು ಸರಿಯಾದ ಉತ್ತರದತ್ತ ಹೋಗುತ್ತದೆ ಎಂಬುದಕ್ಕೆ ಗಣಿತದ ಪ್ರೂಫ್ ಕೂಡ ಇತ್ತು. 2018ರಲ್ಲಿ ಐಸಿಎಲ್‌ಆರ್ ಎಂಬ ಮಷೀನ್ ಲರ್ನಿಂಗ್ ಸಮ್ಮೇಳನದಲ್ಲಿ ಮೂವರು ಆ ಪ್ರೂಫ್ ತಪ್ಪು ಎಂದು ತೋರಿಸಿದರು. ಹೌದು, ಅವರು ಗೂಗಲ್‌ನವರೇ. ಆದರೆ ಅವರು ಕೊಟ್ಟ ಉದಾಹರಣೆಗೆ ಗೂಗಲ್‌ನ ಮಷೀನ್ ಬೇಕಿರಲಿಲ್ಲ.

ಆ ಉದಾಹರಣೆ ಇದು: ಎಕ್ಸ್ ಎಂಬ ಒಂದೇ ಸಂಖ್ಯೆ, -1ರಿಂದ 1ರ ನಡುವೆ. ಗ್ರೇಡಿಯಂಟ್ ಅಂದರೆ ಎಕ್ಸ್ ಹೆಚ್ಚಿದರೆ ತಪ್ಪು ಎಷ್ಟು ಹೆಚ್ಚುತ್ತದೆ ಎಂಬ ಲೆಕ್ಕ; ಅದು ಧನವಾದರೆ ಎಕ್ಸ್ ಇಳಿಸಬೇಕು, ಋಣವಾದರೆ ಏರಿಸಬೇಕು. ಮೂರು ಸರದಿಗೊಮ್ಮೆ ಗ್ರೇಡಿಯಂಟ್ 4, ಉಳಿದ ಎರಡು ಸಲ -1. ಕೂಡಿದರೆ 2, ಹಾಗಾಗಿ ಎಕ್ಸ್ -1ರ ಕಡೆಗೆ ಇಳಿಯಬೇಕು. ಆಡಮ್ ಪ್ರತಿ ಗ್ರೇಡಿಯಂಟನ್ನೂ ಇತ್ತೀಚಿನವುಗಳ ಗಾತ್ರದಿಂದ ಭಾಗಿಸುತ್ತದೆ. ಹಳೆಯದನ್ನು ಬೇಗ ಮರೆಯುವ ಹಾಗೆ ಇಟ್ಟರೆ, 4 ತನ್ನ ಗಾತ್ರದಿಂದಲೇ ಭಾಗವಾಗಿ ಸುಮಾರು 1ಕ್ಕೆ ಕುಗ್ಗಿಹೋಗುತ್ತದೆ. ಎರಡು -1ಗಳು ಗೆಲ್ಲುತ್ತವೆ. ಎಕ್ಸ್ ಹೋಗಿ ಕೂರುವುದು 1ರಲ್ಲಿ, ಇದ್ದುದರಲ್ಲೇ ಅತಿ ಕೆಟ್ಟ ಉತ್ತರದಲ್ಲಿ! ಆ ಪೇಪರ್‌ಗೆ ಆ ವರ್ಷ ಬೆಸ್ಟ್ ಪೇಪರ್ ಪ್ರಶಸ್ತಿಯೂ ಬಂತು.

ಇಷ್ಟಾದರೂ ಎಲ್ಲರೂ ಇನ್ನೂ ಆಡಮ್ ಬಳಸುತ್ತಾರೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಯಾಕೆ? ನನಗೆ ಪಿಎಚ್‌ಡಿಗೆ ತಕ್ಕ ಪ್ರಶ್ನೆ ಅನ್ನಿಸುವುದು ಇಂಥವು.

ಐಐಎಸ್‌ಸಿ, ಐಐಟಿಗಳ ಸಂದರ್ಶನದಲ್ಲೂ ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ ಕೆದಕುತ್ತಾರೆ. ನಿಮ್ಮ ಹತ್ತಿರ ಯಾವ ಜಿಪಿಯು ಕಾರ್ಡ್ ಇದೆ ಎಂದು ಯಾರು ಕೇಳುತ್ತಾರೆ? ಮೇಲಿನ ಲೆಕ್ಕವನ್ನು ಪೆನ್ನು ಹಿಡಿದು ಒಂದಷ್ಟು ಹೆಜ್ಜೆ ಮಾಡಿ ನೋಡಿ. ಬೇಜಾರಾದರೆ ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರಿ, ಅದೂ ಒಳ್ಳೆಯದೇ.